ಗಿರಣಿಯ ಕೊನೆಯ ಸಾಲು

ಸ್ಟುಡಿಯೊ ಮುಚ್ಚಿ ನದಿ ದಂಡೆಯ ಆಶ್ರಮ ಸೇರಿದ ಹಾಲಪ್ಪ ಮೇಷ್ಟ್ರು ಅಲ್ಲೂ ಸುಮ್ಮನೆ ಕೂರುವ ಆಸಾಮಿಯಲ್ಲ. ಬಂದವರಿಗೆ ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದರು. ಅವರ ಶಿಷ್ಯೆ ಇಂದುಮತಿಗೆ ಪಾಳುಬಿದ್ದ ಕಟ್ಟಡಗಳ ಹುಚ್ಚು.

ಹುಚ್ಚಿಗೆ ಕಾರಣವಿತ್ತು. ಮೂರು ವರ್ಷದ ಹಿಂದೆ ಅವಳು ದುಡಿಯುತ್ತಿದ್ದ ನೂಲಿನ ಗಿರಣಿಗೆ ಬೆಂಕಿ ಬಿತ್ತು. ಬಾಗಿಲ ಬಳಿಯಿದ್ದ ಅವಳು ಓಡಿ ಉಳಿದಳು. ಯಂತ್ರಗಳ ಕೊನೆಯ ಸಾಲಿನಲ್ಲಿದ್ದ ಅಕ್ಕ ಸರೋಜವ್ವ ಉಳಿಯಲಿಲ್ಲ. ಅಂದಿನಿಂದ ನಾಲ್ಕು ಗೋಡೆಯ ನಡುವೆ ಇಂದುಮತಿಗೆ ಉಸಿರು ಕಟ್ಟುತ್ತಿತ್ತು. ಜಗಲಿಯಲ್ಲೇ ಊಟ, ಜಗಲಿಯಲ್ಲೇ ನಿದ್ದೆ.

ಆ ಭಯ ಗೆಲ್ಲಲೆಂದೇ ಅವಳು ಮುಚ್ಚಿದ ಟಾಕೀಸು, ಬಿಟ್ಟುಹೋದ ಆಸ್ಪತ್ರೆ, ಹಳೇ ಗೋದಾಮುಗಳನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ತನ್ನ ಚಿತ್ರಗಳನ್ನೆಲ್ಲ ಗುರುವಿನ ಮುಂದೆ ಹರಡಿದಳು. ಕೊನೆಯದು ಆ ಗಿರಣಿಯದೇ.

"ಗೆದ್ದೆ ಅಲ್ಲೇನ್ರಿ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. ಪ್ರತಿ ಚಿತ್ರದ ಕೆಳತುದಿಯಲ್ಲೂ ಅವಳ ನೆರಳು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು.

"ಎಲ್ಲಾ ಕಡೆ ನಿನ್ ನೆರಳು ಒಳಗ್ ಹೋಗೈತಿ. ನೀನ್ ಯಾವಾಗ ಹೋಗ್ತೀ?"

ಇಂದುಮತಿಯ ಮುಖ ಸಪ್ಪಗಾಯಿತು. "ಬೆಳಕು ಬೆನ್ನಿಗಿರಬೇಕು ಅಂತ ನೀವೇ ಹೇಳಿದ್ರಲ್ರಿ."

"ಹೇಳಿದ್ದು ಹೌದು. ಅದನ್ನ ನೆಪ ಮಾಡ್ಕಂಡು ಬಾಗಿಲಾಗೇ ಸಂಸಾರ ಹೂಡು ಅಂದಿದ್ನಾ?"

ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬಿಸಿಲೇರುವ ಹೊತ್ತಿಗೆ ಇಬ್ಬರೂ ಗಿರಣಿಯ ಮುಂದಿದ್ದರು. ಮೇಷ್ಟ್ರು ಸೀದಾ ಒಳಗೆ ನಡೆದು, ತುಕ್ಕು ಹಿಡಿದ ಯಂತ್ರಗಳನ್ನು ದಾಟಿ, ಕೊನೆಯ ಗೋಡೆಗೆ ಒರಗಿ ಕೂತರು.

"ನಂದೊಂದು ಫೋಟೊ ತೆಗಿ. ಮೀಸೆ ಕೂದಲು ಒಂದೊಂದೂ ಕಾಣ್ಬೇಕು!"

ಇಂದುಮತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಇಲ್ಲಿಂದ ನಿಮ್ ಮೀಸೆನೇ ಕಾಣಂಗಿಲ್ರಿ."

"ಹಂಗಾರೆ ಹತ್ರ ಬಾ."

ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಅಕ್ಕನ ಯಂತ್ರದ ಹತ್ತಿರ ಬಂದಾಗ ದುಃಖ ಒತ್ತರಿಸಿ ಬಂತು. ನಿಲ್ಲಲಿಲ್ಲ, ಅಳುತ್ತಲೇ ನಡೆದಳು. ಅಳುತ್ತಲೇ ಮೀಸೆಯ ಫೋಟೊ ತೆಗೆದಳು.

"ಈಗ ಹಿಂದಕ್ ತಿರುಗು."

ತಿರುಗಿದಳು. ದೂರದ ಬಾಗಿಲಿಂದ ಬೆಳಕು ಗಿರಣಿಯ ಉದ್ದಕ್ಕೂ ಸುರಿಯುತ್ತಿತ್ತು. ಅಕ್ಕ ಹನ್ನೊಂದು ವರ್ಷ ದಿನಾ ಕಂಡಿದ್ದು ಇದನ್ನೇ! ಇಂದುಮತಿಗೆ ಇದು ಗೊತ್ತೇ ಇರಲಿಲ್ಲ. ಬೆಳಕಿಗೆ ಎದುರಾಗಿ ಕ್ಯಾಮೆರಾ ಎತ್ತಿದಳು.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಅಕ್ಕನ ಯಂತ್ರವನ್ನು ಎದುರಿಂದ ತೆಗೆದಳು, ಪಕ್ಕದಿಂದ ತೆಗೆದಳು, ಮಂಡಿಯೂರಿ ಅದರ ಅಡಿಗೆ ನುಸುಳಿ ತೆಗೆದಳು. "ಅಕ್ಕಾ, ಬಂದೆ ನೋಡೇ!" ಎಂದು ಗಿರಣಿಯೇ ಮೊಳಗುವಂತೆ ಕೂಗಿದಳು. ಮೈತುಂಬ ಮಸಿ, ಮುಖದ ತುಂಬ ನಗು.

"ಮೇಷ್ಟ್ರೇ, ಇದನ್ನ ಕೂತು ತೆಗೀಲೋ, ನಿಂತು ತೆಗೀಲೋ?"

ಉತ್ತರ ಹೊರಗಿನ ಬೇವಿನ ಮರದ ಬುಡದಿಂದ ಬಂತು.

"ನಾನ್ ಹೊರಗ್ ಬಂದು ತಾಸಾತವ್ವ. ಒಳಗಿರೋಳು ನೀನು, ನೀನೇ ನೋಡ್ಕ."