ಪುಸ್ತಕವೂ ಚಕ್ಕುಲಿ ಡಬ್ಬಿಯೂ

ಕಾಲೇಜು ಹಾಸ್ಟೆಲ್ಲಿಗೆ ನಿಶ್ಚಿತನ ಹೆಸರಿಗೆ ಒಂದೇ ದಿನ ಎರಡು ಪಾರ್ಸೆಲ್ ಬಂದವು. ಒಂದರಲ್ಲಿ ಪಠ್ಯಪುಸ್ತಕ, ಇನ್ನೊಂದರಲ್ಲಿ ಚಕ್ಕುಲಿ ಡಬ್ಬಿ.

"ಎಣ್ಣೆ ಜಿಡ್ಡಿನವಳೇ, ಅತ್ತ ಸರಿ," ಎಂದಿತು ಪುಸ್ತಕ. "ಪರೀಕ್ಷೆ ಹತ್ತಿರ ಬಂದಿದೆ. ಅವನು ಮೊದಲು ಬಿಚ್ಚುವುದು ನನ್ನನ್ನೇ."

"ನೋಡೋಣ ಬಿಡಕ್ಕಾ," ಎಂದಿತು ಡಬ್ಬಿ.

ನಿಶ್ಚಿತ ಡಬ್ಬಿಯ ಪಾರ್ಸೆಲ್ಲನ್ನು ಮೆಟ್ಟಿಲ ಮೇಲೆಯೇ ಹಲ್ಲಿನಿಂದ ಹರಿದ. ಸಂಜೆಯೊಳಗೆ ಡಬ್ಬಿ ಖಾಲಿ. ಪುಸ್ತಕ ಮಂಚದ ಕೆಳಗೆ ಬಿದ್ದು ಕಾದೇ ಕಾದಿತು.

ಪರೀಕ್ಷೆಯ ಬೆಳಿಗ್ಗೆ ಅವನು ಅದನ್ನು ಹೊರಗೆಳೆದಾಗ ಅದರ ಎದೆ ಹಿಗ್ಗಿತು. ಅವನು ಧೂಳು ಒರೆಸಿ, ಪಾರ್ಸೆಲ್ಲಿನ ಟೇಪಿನ ಮೇಲೆಯೇ ಕುಂಕುಮ ಹಚ್ಚಿ, "ತಾಯೀ ಸರಸ್ವತೀ, ಪಾಸು ಮಾಡಿಸಮ್ಮಾ," ಎಂದು ಅಡ್ಡಬಿದ್ದ.

"ಮೊದಲು ನನ್ನನ್ನು ಬಿಚ್ಚೋ ದಡ್ಡಾ!" ಎಂದು ಪುಸ್ತಕ ಕೂಗುವಷ್ಟರಲ್ಲಿ ಅವನು ಪರೀಕ್ಷೆಗೆ ಓಡಿದ್ದ.

ಮೂಲೆಯಿಂದ ಖಾಲಿ ಡಬ್ಬಿ ಹೇಳಿತು: "ಸುಮ್ಮನೆ ಕೂರಕ್ಕಾ. ದೇವರಾದ ಮೇಲೆ ಮಾತಾಡಬಾರದು."