ಬಾವಿಯೊಳಗಿನ ಕಾಫಿ

ಹೇಮಾವತಿಯ ದಂಡೆಯಲ್ಲಿ ಒಂದು ಆಶ್ರಮ. ಊರಿನವರು ಹಾಗೆ ಕರೆಯುತ್ತಿದ್ದರು, ಅಷ್ಟೇ. ಅಲ್ಲಿ ಭಜನೆಯೂ ಇರಲಿಲ್ಲ, ಪ್ರವಚನವೂ ಇರಲಿಲ್ಲ. ಇದ್ದದ್ದು ಒಂದು ಬಾವಿ, ಒಂದು ಅಡಿಗೆಮನೆ, ಒಂದು ಉದ್ದನೆಯ ಪ್ರಯೋಗಶಾಲೆ.

ಗುರುಗಳು ನಂಜುಂಡಾರಾಧ್ಯರು. ಯಾವುದರಲ್ಲಿ ಏನಿದೆ, ಎಷ್ಟಿದೆ ಎಂದು ಕಂಡುಹಿಡಿಯುವ ರಸಾಯನಶಾಸ್ತ್ರವನ್ನು ನಲವತ್ತು ವರ್ಷ ಕಾಲೇಜಿನಲ್ಲಿ ಕಲಿಸಿ, ನಿವೃತ್ತರಾದ ಮೇಲೂ ಕಲಿಸುವ ಚಟ ಬಿಡಲಾರದೆ ಇಲ್ಲಿ ಬಂದು ಕೂತವರು.

ಶಿಷ್ಯ ಧರಣೇಂದ್ರ. ವಯಸ್ಸು ಇಪ್ಪತ್ತೇಳು. ದಿನಕ್ಕೆ ಏಳು ಲೋಟ ಫಿಲ್ಟರ್ ಕಾಫಿ.

ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದರು. ಒಂದೇ ಒಂದು ಅಣುವನ್ನು ತೂಗುವವರು ಯಾರು, ಬರೀ ಉಸಿರು ನೋಡಿ ಕಾಯಿಲೆ ಹೇಳುವವರು ಯಾರು, ಊರ ಚರಂಡಿಯ ನೀರಿನಿಂದ ಊರಿನವರು ಏನೇನು ನುಂಗಿದ್ದಾರೆಂದು ಪತ್ತೆ ಮಾಡುವವರು ಯಾರು, ಎಲ್ಲವನ್ನೂ ಕೇಳಿದ ತಕ್ಷಣ ಹೇಳುತ್ತಿದ್ದ. ಕೇಳದಿದ್ದರೂ ಹೇಳುತ್ತಿದ್ದ.

ಮುಂದಿನ ತಿಂಗಳು ಅಂಥವರಲ್ಲಿ ಇಬ್ಬರು ಮೈಸೂರಿನ ಸಮ್ಮೇಳನಕ್ಕೆ ಬರುವವರಿದ್ದರು. ಅವರೆದುರು ತಾನೂ ಹತ್ತು ನಿಮಿಷ ಮಾತಾಡಬೇಕೆಂದು ಧರಣೇಂದ್ರನ ಆಸೆ. ಸಮಯ ಕೇಳಿ ಪತ್ರ ಬರೆದೂ ಆಗಿತ್ತು. ಮಾತಾಡಲು ವಿಷಯ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಹಳೆಯ ಶಿಷ್ಯರೆಲ್ಲ ಸೇರಿ ಆಶ್ರಮಕ್ಕೆ ಹೊಸ ಯಂತ್ರವೊಂದನ್ನು ಕೊಡಿಸಿದರು. ಕೆರೆಗೆ ಒಂದು ಚಿಟಿಕೆ ಸಕ್ಕರೆ ಬಿದ್ದರೂ ಹಿಡಿದು ಹೇಳುವಂಥ ಯಂತ್ರ. ಆರಾಧ್ಯರು ಅದಕ್ಕೆ ಒಂದು ಸುತ್ತು ಬಂದು ನೋಡಿದರು.

"ಚೆನ್ನಾಗಿದೆ," ಅಂದರು. "ನಮ್ಮ ಕಾಲದಲ್ಲಿ ಒಂದು ಚೀಲ ಸಕ್ಕರೆ ಸುರಿದಿದ್ರೂ ನಮಗೆ ಗೊತ್ತಾಗ್ತಿರಲಿಲ್ಲ."

ಸೋಮವಾರ ಬೆಳಿಗ್ಗೆ ಧರಣೇಂದ್ರ ಬಾವಿಯಿಂದ ನೀರು ಸೇದಿ ಯಂತ್ರಕ್ಕೆ ಕೊಟ್ಟ. ಮಧ್ಯಾಹ್ನ ಊಟದ ಹೊತ್ತಿಗೆ ಕಾಗದ ಹಿಡಿದುಕೊಂಡು ಓಡಿಬಂದ.

"ಗುರುಗಳೇ, ಬಾವಿಯಲ್ಲಿ ಕಾಫಿ ಇದೆ."

ಆರಾಧ್ಯರು ಮಜ್ಜಿಗೆ ಅನ್ನ ಕಲಸುತ್ತಿದ್ದರು. "ಬಿಸಿಯಾಗಿದೆಯಾ?"

"ತಮಾಷೆ ಅಲ್ಲ ಗುರುಗಳೇ. ಕಾಫಿಯಲ್ಲಿರೋ ಕೆಫೀನು, ಲೀಟರಿಗೆ ತೊಂಬತ್ತು ನ್ಯಾನೋಗ್ರಾಂ. ಒಂದು ಗ್ರಾಮನ್ನ ನೂರು ಕೋಟಿ ಪಾಲು ಮಾಡಿ, ಅದರಲ್ಲಿ ತೊಂಬತ್ತು ಪಾಲು. ಯಾರೋ ಕಾಫಿ ಲೋಟ ತೊಳೆದ ನೀರು ಬಾವಿಗೆ ಹೋಗ್ತಿದೆ."

ಆಶ್ರಮದಲ್ಲಿದ್ದ ನಿಯಮ ಒಂದೇ. ಬಾವಿಕಟ್ಟೆಯ ಮೇಲೆ ಯಾರೂ ಯಾವ ಪಾತ್ರೆಯನ್ನೂ ತೊಳೆಯಬಾರದು. ಆರಾಧ್ಯರೇ ಮಾಡಿದ ನಿಯಮ ಅದು. ಪಾತ್ರೆ ತೊಳೆಯಲು ಅಡಿಗೆಮನೆಯ ಹಿಂದೆ ಬೇರೆ ಕಲ್ಲು, ಬೇರೆ ನಲ್ಲಿ ಇದ್ದವು.

ಧರಣೇಂದ್ರ ಅಡಿಗೆಯ ಸಣ್ಣತಾಯಮ್ಮನ ಕಡೆ ತಿರುಗಿದ.

"ತಾಯಮ್ನೋರೇ, ಬಾವಿಕಟ್ಟೆ ಮೇಲೆ ಕಾಫಿ ಲೋಟ ತೊಳೀತಿದ್ದೀರಿ. ಇನ್ನು ಮೇಲೆ ಹಾಗೆ ಮಾಡ್ಬೇಡಿ."

ತಾಯಮ್ಮ ಸಾರಿನ ಸೌಟನ್ನು ಕೆಳಗಿಟ್ಟಳು. "ಯಾರಪ್ಪ ಹೇಳ್ದೋರು?"

"ಯಂತ್ರ ಹೇಳ್ತಿದೆ."

"ಇಪ್ಪತ್ತೆರಡು ವರ್ಷ ಆಯ್ತು ನಾನು ಈ ಒಲೆ ಮುಂದೆ ನಿಂತು. ಒಂದು ಚಮಚ ಕೂಡ ಆ ಕಟ್ಟೆ ಮೇಲೆ ಮಡಗಿಲ್ಲ. ನಿನ್ನ ಡಬ್ಬ ಬಂದು ಎಂಟು ದಿನ ಆಗಿಲ್ಲ. ನನ್ನ ಮಾತಿಗಿಂತ ಅದರ ಮಾತೇ ಹೆಚ್ಚು ಅನ್ನೋದಾದ್ರೆ ನಂಗಿಲ್ಲೇನು ಕೆಲಸ? ಶುಕ್ರವಾರದ ಬಸ್ಸಿಗೆ ಅರಕಲಗೂಡಿಗೆ ಹೋಗ್ತೀನಿ. ತಂಗಿ ಮನೆ ಇದೆ."

ಸಿಟ್ಟಿನಲ್ಲಿ ಆಡಿದ ಮಾತಲ್ಲ ಅದು. ತಾಯಮ್ಮ ಹೋಗುತ್ತೇನೆ ಅಂದರೆ ಹೋಗುವವಳೇ. ಅದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಶುಕ್ರವಾರ ಬರಲಿ ತಾಯಮ್ಮ," ಅಂದರು ಆರಾಧ್ಯರು. ಆಮೇಲೆ ಶಿಷ್ಯನನ್ನು ಕೇಳಿದರು, "ಬರಿಯ ನೀರು ಏನು ಹೇಳ್ತು?"

"ಬರಿಯ ನೀರಾ?"

"ಯಂತ್ರಕ್ಕೆ ಅಂತ ಮುಂಬಯಿಯಿಂದ ಸೀಲು ಮಾಡಿದ ನೀರಿನ ಬಾಟಲಿ ತರಿಸಿದೀಯಲ್ಲ. ಅದರಲ್ಲೆಷ್ಟು ಕಾಫಿ ಇದೆ?"

"ಅದರಲ್ಲಿ ಯಾಕಿರುತ್ತೆ ಗುರುಗಳೇ? ಅದು ಶುದ್ಧ ನೀರು."

"ನೋಡಿದೀಯಾ?"

ನೋಡಿರಲಿಲ್ಲ. ಯಾವ ನೀರನ್ನು ಅಳೆಯುವ ಮೊದಲೂ ಏನೂ ಇಲ್ಲದ ನೀರನ್ನು ಅಳೆದು ನೋಡಬೇಕು, ಈ ಶಾಸ್ತ್ರದ ಮೊದಲ ಪಾಠ ಅದೇ. ಧರಣೇಂದ್ರ ಅದನ್ನು ಹದಿನೆಂಟನೆಯ ವಯಸ್ಸಿನಲ್ಲಿ ಕಲಿತು, ಪರೀಕ್ಷೆಯಲ್ಲಿ ಬರೆದು, ಅಂಕ ತೆಗೆದುಕೊಂಡು, ನಿಶ್ಚಿಂತೆಯಿಂದ ಮರೆತಿದ್ದ.

ಸಂಜೆ ಸಪ್ಪೆ ಮುಖ ಹೊತ್ತು ಬಂದ.

"ಎಂಬತ್ತೇಳು," ಅಂದ. "ಮುಂಬಯಿಯವರು ಮೋಸ ಮಾಡಿದಾರೆ ಗುರುಗಳೇ."

"ಇರಬಹುದು. ತಾಯಮ್ಮ ಅಲ್ಲಿಗೂ ಹೋಗಿ ಲೋಟ ತೊಳೆದು ಬಂದಿರಬೇಕು."

ಧರಣೇಂದ್ರ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದ. "ಆದರೂ ಬಾವಿಯಲ್ಲಿ ಮೂರು ಜಾಸ್ತಿ ಇದೆಯಲ್ಲ."

ಆರಾಧ್ಯರು ಅಡಿಗೆಮನೆಯ ಕಡೆ ಕೂಗಿ ಹೇಳಿದರು. "ತಾಯಮ್ಮ, ಇವನಿಗೊಂದು ಲೋಟ ಕಾಫಿ. ಗಟ್ಟಿಯಾಗಿರಲಿ."

ತಾಯಮ್ಮ ಲೋಟ ತಂದು ಅವನೆದುರು ಕುಕ್ಕಿ ಹೋದಳು.

"ಕುಡಿ. ಕುಡಿದು ಇನ್ನೊಂದು ಬಾಟಲಿಯ ಸೀಲು ಒಡೆದು ಅಳೆ."

ಕುಡಿದ. ಒಡೆದ. ಅಳೆದ. ನೂರ ಮೂವತ್ತೊಂದು ಬಂತು.

"ಈಗ ಬಾವಿಗಿಂತ ಶುದ್ಧ ನೀರಲ್ಲೇ ಕಾಫಿ ಹೆಚ್ಚು," ಅಂದರು ಗುರುಗಳು. "ಸಮ್ಮೇಳನಕ್ಕೆ ಒಳ್ಳೆ ವಿಷಯ."

ಧರಣೇಂದ್ರ ತನ್ನ ಬೆರಳು ಮೂಸಿದ. ಅಂಗಿಯ ತೋಳು ಮೂಸಿದ. ಅಂಗೈಗೆ ಉಸಿರು ಬಿಟ್ಟುಕೊಂಡು ಅದನ್ನೂ ಮೂಸಿದ. ಎಲ್ಲ ಕಡೆಯೂ ಘಮಘಮ ಕಾಫಿ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಗುರುಗಳೇ, ಇದೆಲ್ಲ ನನ್ನದೇ."

"ಯಂತ್ರ ಬಹಳ ಒಳ್ಳೆಯದು ಕಣಯ್ಯಾ. ಮುಚ್ಚಳ ತೆಗೆದವನ ಬೆರಳನ್ನೂ ಬಿಡೋದಿಲ್ಲ."

"ಹಾಗಾದರೆ ಬಾವಿಯಲ್ಲಿ ಕಾಫಿ ಇಲ್ಲ. ಈಗಲೇ ತಾಯಮ್ನೋರಿಗೆ ಹೇಳಿಬರ್ತೀನಿ."

"ಕೂತ್ಕೋ. ಇಲ್ಲ ಅಂತ ಯಾವಾಗ ಅಳೆದೆ?"

ಧರಣೇಂದ್ರ ಅರ್ಧ ಎದ್ದವನು ಮತ್ತೆ ಕೂತ.

"ಬೆಳಿಗ್ಗೆಯಿಂದ ನೀನು ಅಳೆದಿದ್ದು ನಿನ್ನನ್ನ," ಅಂದರು ಆರಾಧ್ಯರು. "ಬಾವಿಗೆ ಇನ್ನೂ ಕೈಯೇ ಹಾಕಿಲ್ಲ."

"ಈಗೇನು ಮಾಡ್ಲಿ?"

"ಕಾಫಿ ಬಿಡು."

ಧರಣೇಂದ್ರನಿಗೆ ಜೀವವೇ ಹೋದಂತಾಯಿತು. "ಎಷ್ಟು ದಿನ ಗುರುಗಳೇ?"

"ಬರಿಯ ನೀರು ಬರಿಯ ನೀರಾಗುವವರೆಗೆ."

ಮಂಗಳವಾರ ತಲೆನೋವು ಬಂತು. ಬುಧವಾರ ಅದು ಬಿಡಾರ ಹೂಡಿತು. ಹಣೆಗೆ ಒದ್ದೆ ಟವೆಲ್ ಬಿಗಿದುಕೊಂಡು, ಸೀಗೆಪುಡಿಯಿಂದ ಕೈ ತಿಕ್ಕಿ ತಿಕ್ಕಿ, ಧರಣೇಂದ್ರ ಬಾಟಲಿಯ ಮೇಲೆ ಬಾಟಲಿ ಅಳೆದ. ನಲವತ್ತು. ಇಪ್ಪತ್ತೆರಡು. ಒಂಬತ್ತು.

ತಾಯಮ್ಮ ಅವನೊಡನೆ ಮಾತು ಬಿಟ್ಟಿದ್ದಳು. ಊಟಕ್ಕೆ ಕೂತಾಗ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅನ್ನ ಎಷ್ಟು ಗ್ರಾಂ ಹಾಕ್ಲಿ?"

ಒಮ್ಮೆ ಅವನು ಧೈರ್ಯ ಮಾಡಿ, "ತಪ್ಪಾಯ್ತು ತಾಯಮ್ನೋರೇ," ಅಂದ.

"ಅದನ್ನೂ ಯಂತ್ರ ಹೇಳ್ತಾ?" ಅಂದಳು ತಾಯಮ್ಮ.

ಹೋದ ಮಳೆಗಾಲದಲ್ಲಿ ಧರಣೇಂದ್ರನಿಗೆ ಜ್ವರ ಬಂದಾಗ ಒಂಬತ್ತು ದಿನ ಗಂಜಿ ಕುಡಿಸಿದವಳು ಇವಳೇ. ಇಂಥವಳನ್ನು ತಾನು ಒಂದು ಕಾಗದ ತೋರಿಸಿ ಮನೆ ಬಿಡಿಸುತ್ತಿದ್ದೇನೆ ಎಂದು ಅವನು ತನ್ನನ್ನೇ ಬೈದುಕೊಂಡ.

ಗುರುವಾರ ಸಂಜೆ ಬರಿಯ ನೀರಿನಲ್ಲಿ ಏನೂ ಕಾಣಲಿಲ್ಲ. ಮೂರು ಸಲ ನೋಡಿದರೂ ಕಾಣಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾವಿಗೆ ಹೋದ. ನೀರು ಸೇದುವಾಗ ಉಸಿರು ಬಿಗಿಹಿಡಿದಿದ್ದ. ಬಸ್ಸು ಹತ್ತು ಗಂಟೆಗೆ. ಒಂಬತ್ತೂವರೆಗೆ ಯಂತ್ರ ಉತ್ತರ ಕೊಟ್ಟಿತು.

ಐದು.

ಧರಣೇಂದ್ರ ಕಣ್ಣುಜ್ಜಿಕೊಂಡ. ಮತ್ತೆ ನೋಡಿದ. ಐದೇ. ಮತ್ತೊಮ್ಮೆ ನೋಡಿದ. ಆರು. ಬರಿಯ ನೀರಿನಲ್ಲಿ ಈಗಲೂ ಏನೂ ಇಲ್ಲ.

ಕಿಟಕಿಯಿಂದ ನೋಡಿದರೆ ಗೇಟಿನ ಹತ್ತಿರ ತಾಯಮ್ಮ ತನ್ನ ಟ್ರಂಕಿನ ಮೇಲೆ ಕೂತಿದ್ದಳು.

ಐದು ನ್ಯಾನೋಗ್ರಾಂ. ಏನೂ ಕಾಣಲಿಲ್ಲ ಎಂದು ಬರೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬಾವಿ ಬಂದು ಸಾಕ್ಷಿ ಹೇಳುವುದಿಲ್ಲ. ತಾಯಮ್ಮ ಉಳಿಯುತ್ತಾಳೆ. ಅವನು ಪೆನ್ನು ಎತ್ತಿದ, ಇಟ್ಟ, ಮತ್ತೆ ಎತ್ತಿದ. ಕೊನೆಗೆ ಬಂದದ್ದನ್ನು ಬಂದ ಹಾಗೆಯೇ ಬರೆದುಕೊಂಡು ಗೇಟಿನ ಕಡೆ ನಡೆದ.

ಆರಾಧ್ಯರೂ ಅಲ್ಲೇ ನಿಂತಿದ್ದರು. "ಬರಿಯ ನೀರು?"

"ಏನೂ ಕಾಣಲಿಲ್ಲ."

"ಬಾವಿ?"

ಧರಣೇಂದ್ರ ಕಾಗದ ಮುಂದೆ ಹಿಡಿದ. "ಐದು. ಮೂರು ಸಲ ನೋಡಿದೆ ಗುರುಗಳೇ. ಐದು, ಐದು, ಆರು."

ತಾಯಮ್ಮ ಎದ್ದು ಟ್ರಂಕಿನ ಹಿಡಿಗೆ ಕೈ ಹಾಕಿದಳು.

"ಒಂದ್ನಿಮಿಷ ತಾಯಮ್ನೋರೇ," ಅಂದ ಧರಣೇಂದ್ರ. "ಕಾಫಿ ಇರೋದು ನಿಜ. ಯಾರದ್ದು ಅಂತ ಯಂತ್ರಕ್ಕೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸೋಮವಾರ ಎಲ್ಲ ಗೊತ್ತಿದ್ದವನ ಹಾಗೆ ಮಾತಾಡಿಬಿಟ್ಟೆ. ನಿಮ್ಮನ್ನ ಒಂದು ಮಾತು ಕೇಳಲಿಲ್ಲ. ಈಗ ಕೇಳ್ತಿದೀನಿ. ನೀವು ಅಲ್ಲಿ ಲೋಟ ತೊಳೆದಿದ್ದೀರಾ?"

"ಇಲ್ಲ ಕಣಪ್ಪ."

"ಹಾಗಾದರೆ ನೀವಲ್ಲ."

ತಾಯಮ್ಮ ಹಿಡಿಯಿಂದ ಕೈ ತೆಗೆದಳು.

ಆರಾಧ್ಯರು ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಾನು," ಅಂದರು.

"ಏನು ಗುರುಗಳೇ?"

"ಬೆಳಿಗ್ಗೆ ಕಟ್ಟೆ ಮೇಲೆ ಕೂತು ಕಾಫಿ ಕುಡೀತೀನಿ. ಕುಡಿದು ಲೋಟ ಅಲ್ಲೇ ತೊಳೀತೀನಿ. ಹನ್ನೊಂದು ವರ್ಷ ಆಯ್ತು. ಅಷ್ಟು ದೊಡ್ಡ ಬಾವಿಗೆ ಒಂದು ಲೋಟ ಏನು ಮಹಾ, ಯಾವ ಯಂತ್ರದ ಕೈಗೂ ಸಿಗೋದಿಲ್ಲ ಅಂದ್ಕೊಂಡಿದ್ದೆ. ನಮ್ಮ ಕಾಲದ ಬುದ್ಧಿ. ಸೋಮವಾರವೇ ಬಾಯಿ ಬಿಡಬೇಕಿತ್ತು ತಾಯಮ್ಮ. ತಪ್ಪು ನನ್ನದು."

"ಗೊತ್ತಿತ್ತು ಬಿಡಿ ಮೇಷ್ಟ್ರೇ," ಅಂದಳು ತಾಯಮ್ಮ. "ದಿನಾ ಕಿಟಕೀಲಿ ಕಾಣ್ತಿತ್ತಲ್ಲ."

ಧರಣೇಂದ್ರ ಬೆಪ್ಪಾಗಿ ನಿಂತ. "ಮತ್ತೆ ಯಾಕೆ ಹೇಳಲಿಲ್ಲ?"

"ಮೇಷ್ಟ್ರ ಮಾನ ಕಳೆದು ನಾನು ಉಳ್ಕೋಬೇಕಾ?"

ಗುರುಗಳು ತಲೆ ತಗ್ಗಿಸಿದರು. ಧರಣೇಂದ್ರ ಅವರನ್ನು ಹಾಗೆ ಕಂಡದ್ದು ಅದೇ ಮೊದಲು, ಅವನಿಗೆ ಅವರ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಉಕ್ಕಿತು.

ಬಸ್ಸು ಬಂತು, ಹಾರನ್ ಹೊಡೆಯಿತು, ಯಾರೂ ಹತ್ತದ್ದನ್ನು ನೋಡಿ ಹೊರಟುಹೋಯಿತು. ಆರಾಧ್ಯರು ಟ್ರಂಕು ಎತ್ತಲು ಹೋದರು, ಆಗಲಿಲ್ಲ. ಶಿಷ್ಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಅಡಿಗೆಮನೆಗೆ ಮುಟ್ಟಿಸಿದರು.

ತಾಯಮ್ಮ ಮೂರು ಲೋಟ ಕಾಫಿ ಮಾಡಿದಳು. ನಾಲ್ಕು ದಿನದ ಮೇಲೆ ಮೊದಲ ಗುಟುಕು ಇಳಿದಾಗ ಧರಣೇಂದ್ರನ ಕಣ್ಣಲ್ಲಿ ನೀರು ಬಂತು.

ಕುಡಿದಾದ ಮೇಲೆ ಗುರುಗಳು ಮೂರೂ ಲೋಟ ತೆಗೆದುಕೊಂಡು ಹಿಂದಿನ ಕಲ್ಲಿನ ಹತ್ತಿರ ಹೋಗಿ ತೊಳೆಯತೊಡಗಿದರು. ಶಿಷ್ಯ ಪಕ್ಕದಲ್ಲಿ ಬಂದು ನಿಂತ. ಅವನಿಗೆ ಒಂದು ವಿಷಯ ಬಗೆಹರಿದಿರಲಿಲ್ಲ.

"ಗುರುಗಳೇ, ಬಾವಿಯಲ್ಲಿ ಕಾಫಿ ಇದೆ ಅಂತ ನಾನು ಸೋಮವಾರವೇ ಹೇಳಿದ್ದೆ. ಅಂದರೆ ನಾನು ಹೇಳಿದ್ದು ಸರಿಯಾಗೇ ಇತ್ತಲ್ಲ?"

"ಸರಿಯಾಗೇ ಇತ್ತು," ಅಂದರು ಆರಾಧ್ಯರು, ಲೋಟ ಬೋರಲು ಹಾಕುತ್ತ. "ನಿನಗೆ ಗೊತ್ತಿರಲಿಲ್ಲ, ಅಷ್ಟೇ."