ನಷ್ಟ ಕೊಳ್ಳಲು ಬಂದ ವ್ಯಾಪಾರಿ

ನಾನು ಮೊದಲ ಸಲ ಮನೆ ಬಿಟ್ಟದ್ದು ನಾಗರ ಪಂಚಮಿಯ ಮರುದಿನ, ಒಂದು ಶನಿವಾರ. ಏಳನೆಯ ಇಯತ್ತೆ ಅರ್ಧಕ್ಕೇ ನಿಂತಿತು. ಆಮೇಲೆ ಬಿಟ್ಟ ಊರುಗಳಿಗೆ ಲೆಕ್ಕವಿಲ್ಲ. ಹಾಗೆ ತಿರುಗುತ್ತ ತಿರುಗುತ್ತ ಅಡವಯ್ಯ ಗುರುಗಳ ಮಠಕ್ಕೆ ಬಂದು ಎರಡು ತಿಂಗಳು ಇದ್ದೆ. ಒಂದು ಬೆಳಿಗ್ಗೆ ಗುರುಗಳು ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಕೇಳಿದೆ:

“ಗುರುಗಳೇ, ಕೈಸುಟ್ಟುಕೊಂಡ ಜಾಗದಲ್ಲಿ ನಿಲ್ಲಬೇಕೋ, ಎದ್ದು ಹೋಗಬೇಕೋ? ಸೋಡಾ ಅಂಗಡಿ ಇಟ್ಟೆ, ಸೋತೆ, ಬಿಟ್ಟೆ. ಕುರಿ ವ್ಯಾಪಾರ ಮಾಡಿದೆ, ಸೋತೆ, ಬಿಟ್ಟೆ. ಹೋದಲ್ಲೆಲ್ಲ ಮತ್ತೆ ಸೊನ್ನೆಯಿಂದಲೇ ಶುರು.”

“ಮೊದಲು ಕೂತು ನಾಲ್ಕು ಕಾಯಿ ಸುಲಿ,” ಎಂದರು ಗುರುಗಳು. “ನಿನ್ನ ಕೈ ನಿಂತರೆ ನನ್ನ ಕತೆಯೂ ನಿಲ್ಲುತ್ತದೆ.”

ನಾನು ಕೂತೆ. ಅವರು ಹೇಳಿದ ಕತೆ ಇದು.

ಒಂದು ರಾಜ್ಯದಲ್ಲಿ ಹನ್ನೊಂದು ಮನೆಯವರು ಸೇರಿ ಹೆಂಚು ಸುಡುವ ಗೂಡು ಕಟ್ಟಿದರು. ಮನೆಗೊಂದು ಪಾಲು. ದುಡ್ಡು ಹಾಕಿದವರೂ ಅವರೇ, ಮಣ್ಣು ತುಳಿದವರೂ ಅವರೇ. ಆ ರಾಜ್ಯದಲ್ಲಿ ಒಂದು ಕಾನೂನಿತ್ತು. ಹಲವರು ಪಾಲು ಹಾಕಿ ನಡೆಸುವ ಉದ್ಯಮವನ್ನು ರಾಜನು ಬೇರೆಯೇ ಒಬ್ಬ ಮನುಷ್ಯ ಎಂದು ಎಣಿಸುತ್ತಿದ್ದ. ಅದು ಗಳಿಸಿದ ಲಾಭದಲ್ಲಿ ನಾಲ್ಕನೆಯ ಒಂದು ಪಾಲು ಅವನಿಗೆ ಸಲ್ಲಬೇಕು.

ಸುಂಕದ ಅಧಿಕಾರಿ ಬಂದು ಇದನ್ನು ಓದಿ ಹೇಳಿದಾಗ ಎಲ್ಲರೂ ನಕ್ಕರು.

“ಗೂಡಿಗೆ ಬಾಯಿಲ್ಲ, ಹೊಟ್ಟೆಯಿಲ್ಲ. ಅದಕ್ಕೂ ತೆರಿಗೆಯೇ, ಬುದ್ಧಿ?”

“ಬಾಯಿ ಇಲ್ಲದ್ದೇ ಒಳ್ಳೆಯದು, ಸುಳ್ಳು ಹೇಳುವುದಿಲ್ಲ,” ಎಂದ ಅಧಿಕಾರಿ. “ಇನ್ನೂ ಇದೆ, ಕೇಳಿ. ತೆರಿಗೆ ಕಟ್ಟಿ ಉಳಿದದ್ದನ್ನು ನೀವು ಹಂಚಿಕೊಂಡು ಮನೆಗೆ ಒಯ್ದರೆ ಅದು ನಿಮ್ಮ ನಿಮ್ಮ ಗಳಿಕೆ. ಅದಕ್ಕೆ ನೀವು ಬೇರೆ ಕಟ್ಟಬೇಕು.”

ಪಾಲುಗಾರರಲ್ಲಿ ಒಬ್ಬಳು ಮುದುಕಿ ಇದ್ದಳು. ಅವಳು ಹಣೆ ಬಡಿದುಕೊಂಡಳು.

“ಒಂದೇ ಎಮ್ಮೆಯನ್ನು ಎರಡು ಸಲ ಹಿಂಡಿದ ಹಾಗಾಯಿತಲ್ಲಪ್ಪ!”

“ಗೂಡು ಬೇರೆ, ನೀನು ಬೇರೆ, ಅಜ್ಜಿ.”

“ಹಾಗೋ? ನಾಳೆ ಗೂಡು ಸಾಲ ಮಾಡಿ ಮುಳುಗಿದರೆ, ಸಾಲ ಕೊಟ್ಟವನು ಬಂದು ನನ್ನ ತಾಮ್ರದ ಹಂಡೆ ಹೊತ್ತುಕೊಂಡು ಹೋಗುವುದಿಲ್ಲ ತಾನೆ?”

“ಹೋಗುವ ಹಾಗಿಲ್ಲ. ಪಾಲಿಗೆ ಹಾಕಿದ ದುಡ್ಡು ಹೋಗುತ್ತದೆ. ಹಂಡೆ ನಿನ್ನದೇ.”

ಮುದುಕಿ ಸ್ವಲ್ಪ ಯೋಚಿಸಿದಳು. “ಸರಿ ಬಿಡು. ಎರಡು ಸಲ ಹಿಂಡಿಕೊಳ್ಳಿ.”

ಹಿಂಡುವ ಪ್ರಸಂಗವೇ ಬರಲಿಲ್ಲ. ಮೊದಲನೆಯ ವರ್ಷ ಕೆರೆಯ ಮೂಡಣ ಮೂಲೆಯ ಮಣ್ಣು ತಂದರು. ಅದರಲ್ಲಿ ಸುಣ್ಣದ ಕಲ್ಲಿನ ಚೂರಿತ್ತು. ಹೆಂಚು ಚೆನ್ನಾಗಿಯೇ ಸುಟ್ಟು ಬಂತು. ಮೊದಲ ಮಳೆ ಬಿದ್ದ ಕೂಡಲೇ ಕೊಂಡವರ ಮಾಡಿನ ಮೇಲೆ ಪಟಪಟ ಸಿಡಿಯಿತು. ಎರಡನೆಯ ವರ್ಷ ಅವಸರ ಮಾಡಿ ಅರ್ಧ ಒಣಗಿದ ಹೆಂಚನ್ನು ಗೂಡಿಗೆ ಇಟ್ಟರು. ಅದು ಒಳಗೇ ಒಡೆಯಿತು. ಮೂರನೆಯ ವರ್ಷ ಮೊದಲ ದಿನವೇ ಹುಣಸೆ ಕಟ್ಟಿಗೆ ಹಾಕಿ ಬೆಂಕಿ ಜೋರು ಮಾಡಿದರು. ಹೆಂಚು ಹಪ್ಪಳದಂತೆ ಸೊಟ್ಟಗಾಯಿತು. ಗೂಡಿನ ಕಮಾನೂ ಸೀಳಿತು.

ಆ ವರ್ಷದ ಕೊನೆಗೆ ಅಧಿಕಾರಿ ಬಂದ. ನಷ್ಟವನ್ನೆಲ್ಲ ಒಂದು ಓಲೆಯಲ್ಲಿ ಬರೆದು ಕೊಟ್ಟ.

“ಇದನ್ನು ಜೋಪಾನ ಮಾಡಿ. ಇನ್ನು ಎಂಟು ವರ್ಷದೊಳಗೆ ಗೂಡಿಗೆ ಲಾಭ ಬಂದರೆ ಮೊದಲು ಈ ನಷ್ಟವನ್ನು ಅದರಲ್ಲಿ ಕಳೆಯಬಹುದು. ಉಳಿದರೆ ಉಳಿದದ್ದಕ್ಕೆ ಮಾತ್ರ ತೆರಿಗೆ. ಆದರೆ ಹನ್ನೊಂದರಲ್ಲಿ ಆರು ಪಾಲಾದರೂ ಈ ನಷ್ಟ ಉಂಡವರ ಕೈಯಲ್ಲೇ ಇರಬೇಕು. ಆರನೆಯದು ಕೈಬಿಟ್ಟ ದಿನ ಇದು ಬರೀ ಒಣ ಗರಿ.”

ಮುದುಕಿ ಕೇಳಿದಳು: “ಸೊಟ್ಟಗಾಗದೆ ಉಳಿದ ಸಾವಿರ ಹೆಂಚನ್ನು ದಾರಿಹೋಕರ ಛತ್ರಕ್ಕೆ ಕೊಟ್ಟಿದ್ದೇವೆ. ದಾನಕ್ಕೆ ವಿನಾಯಿತಿ ಇದೆಯಂತಲ್ಲ?”

“ಇದೆ. ಲಾಭವಿದ್ದ ವರ್ಷ, ಲಾಭದ ಹತ್ತನೆಯ ಒಂದು ಪಾಲಿನವರೆಗೆ. ಲಾಭವೇ ಇಲ್ಲದಿದ್ದರೆ ಯಾವುದರಲ್ಲಿ ಕಳೆಯಲಿ?”

“ನಷ್ಟದ ಹಾಗೆ ಅದನ್ನೂ ಮುಂದಿನ ವರ್ಷಕ್ಕೆ ಬರೆದುಕೊಡಪ್ಪ.”

“ದಾನ ಮುಂದಕ್ಕೆ ಹೋಗುವುದು ಬೇರೆ ಕಚೇರಿಗೆ, ಅಜ್ಜಿ. ನಮ್ಮದಕ್ಕಲ್ಲ.”

ಅಧಿಕಾರಿ ಹೋದ. ಹನ್ನೊಂದು ಮನೆಯವರು ಸೀಳಿದ ಕಮಾನಿನ ಕೆಳಗೆ ಕೂತರು. ಮುಂದಿನ ಲಾಭ ಪೂರ್ತಿ ಕೈಯಲ್ಲಿ ಉಳಿದರೆ ಕಮಾನು ಕಟ್ಟಬಹುದು. ಅದರಲ್ಲಿ ನಾಲ್ಕನೆಯ ಪಾಲು ಹೋದರೆ ಕಟ್ಟಲಾಗದು. ಗೂಡು ಆರುತ್ತದೆ, ಎಲ್ಲರೂ ಕಂಡವರ ಮನೆಗೆ ಕೂಲಿಗೆ ಹೋಗಬೇಕು. ಉಳಿದಿದ್ದ ಆಸ್ತಿಯೆಂದರೆ ಆ ಓಲೆ ಒಂದೇ.

ಅದೇ ರಾಜ್ಯದಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನಿಗೆ ಲಾಭ ಬಹಳ, ತೆರಿಗೆಯೂ ಬಹಳ, ಸಂಕಟ ಎಲ್ಲಕ್ಕಿಂತ ಬಹಳ. ನಷ್ಟವು ಲಾಭವನ್ನು ತಿನ್ನುತ್ತದೆ ಎಂಬ ಸುದ್ದಿ ಅವನ ಕಿವಿಗೆ ಬಿತ್ತು. ಪೂರ್ತಿ ಕೇಳುವಷ್ಟು ತಾಳ್ಮೆ ಅವನಿಗಿರಲಿಲ್ಲ. ನಷ್ಟವಾದ ಉದ್ಯಮವೊಂದನ್ನು ಕೊಂಡು, ತನ್ನ ಎಣ್ಣೆ ವ್ಯಾಪಾರವನ್ನು ಅದರ ಹೆಸರಿಗೆ ಬರೆದರಾಯಿತು. ಅದರ ನಷ್ಟ ತನ್ನ ಲಾಭವನ್ನು ತಿಂದು ಮುಗಿಸುತ್ತದೆ, ರಾಜನಿಗೆ ಏನೂ ಸಿಗುವುದಿಲ್ಲ. ಹೀಗೆಂದು ಲೆಕ್ಕ ಹಾಕಿ ಗಾಡಿ ಕಟ್ಟಿಕೊಂಡು ಹೊರಟ. ಊರೂರಿನಲ್ಲಿ ಗಾಡಿ ನಿಲ್ಲಿಸಿ ಕೇಳಿದ:

“ನಷ್ಟ ಇದೆಯೇ ನಷ್ಟ? ಒಳ್ಳೆಯ ಬೆಲೆಗೆ ಕೊಳ್ಳುತ್ತೇನೆ!”

ಒಂದೂರಿನಲ್ಲಿ ಒಬ್ಬ ರೈತ ಓಡಿ ಬಂದ. “ಬನ್ನಿ ಸಾಹುಕಾರರೇ, ನನ್ನ ಅಳಿಯನನ್ನು ಕರೆದುಕೊಂಡು ಹೋಗಿ. ಹತ್ತು ವರ್ಷದ ನಷ್ಟ. ಬಿಟ್ಟಿ ಕೊಡುತ್ತೇನೆ.”

ಕೊನೆಗೆ ವ್ಯಾಪಾರಿ ಹೆಂಚಿನ ಗೂಡಿಗೆ ಬಂದ. ಓಲೆ ನೋಡಿದ. ಅಷ್ಟು ದೊಡ್ಡ ನಷ್ಟವನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಹಿಗ್ಗಿಹೋದ.

“ಪಾಲೆಲ್ಲ ನನಗೆ ಕೊಡಿ. ಗೂಡು ಹಚ್ಚುವ ಕೆಲಸವೇ ಇಲ್ಲ. ಬೀಗ ಹಾಕಿ ಓಲೆ ತೆಗೆದುಕೊಂಡು ಹೋಗುತ್ತೇನೆ.”

ಮೂರು ವರ್ಷ ಸೋತ ಜನ. ಐದು ಮನೆಯವರು ಅಂದೇ ಮಾರಿದರು. ಮುದುಕಿಯೂ ಅವಳ ಮಾತು ಕೇಳಿದ ನಾಲ್ಕು ಮನೆಯವರೂ ಮಾರುವುದಿಲ್ಲ ಎಂದರು. ಉಳಿದದ್ದು ಒಂದು ಪಾಲು. ಅದು ಯಾರ ಕಡೆ ಬೀಳುತ್ತದೋ ಗೂಡು ಅವರದು.

ಆ ಪಾಲಿನವನು ಒಂದು ಕಡೆ ನಿಲ್ಲುವ ಮನುಷ್ಯನಲ್ಲ. ಮೊದಲು ದೋಣಿ ನಡೆಸಿ ಬಿಟ್ಟಿದ್ದ, ಆಮೇಲೆ ಮಗ್ಗ ಹಾಕಿ ಬಿಟ್ಟಿದ್ದ. ಗೂಡು ಸೀಳಿದ ವಾರವೇ ಅವನ ಗಾಡಿಗೆ ಪಾತ್ರೆ ಪಡಗ ಏರಿದ್ದವು. ವ್ಯಾಪಾರಿ ಅವನಿಗೆ ಮೂರು ಪಟ್ಟು ಬೆಲೆ ಹೇಳಿದ. ಅವನು ಮುದುಕಿಯ ಮನೆಗೆ ಹೋದ.

“ಅಜ್ಜಿ, ಮಾರಿಬಿಡಲೇ?”

ಮುದುಕಿ ಬೈಯಲಿಲ್ಲ, ಬೇಡಲೂ ಇಲ್ಲ.

“ಮಾರು ಮಗಾ. ಆದರೆ ದುಡ್ಡು ಪಡೆದು ಮೋಸ ಮಾಡಬಾರದು. ಸಾಹುಕಾರ ನಷ್ಟ ಕೇಳಿದ್ದಾನೆ. ಒಂದು ಚೂರೂ ಇಟ್ಟುಕೊಳ್ಳದೆ ಪೂರ್ತಿ ಒಪ್ಪಿಸಿ ಹೋಗು.”

ನ್ಯಾಯವಾದ ಮಾತು. ಅವನು ವ್ಯಾಪಾರಿಯನ್ನು ಕೆರೆಗೆ ಕರೆದುಕೊಂಡು ಹೋದ. ಮೂಡಣ ಮೂಲೆಯ ಮಣ್ಣನ್ನು ಯಾಕೆ ಮುಟ್ಟಬಾರದು ಎಂದು ತೋರಿಸಿದ. ಸುಣ್ಣದ ಚೂರು ಇದೆಯೋ ಇಲ್ಲವೋ ಎಂದು ಹಲ್ಲಿನಲ್ಲಿ ಕಡಿದು ನೋಡುವುದು ಹೇಗೆಂದು ಹೇಳಿದ. ವ್ಯಾಪಾರಿಯ ಕೈಗೂ ಒಂದು ಚಿಟಿಕೆ ಮಣ್ಣು ಕೊಟ್ಟ. ಹೆಂಚು ಒಣಗಿದೆಯೋ ಎಂದು ಕೆನ್ನೆಗೆ ಒತ್ತಿ ತಿಳಿಯಬೇಕು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಮೊದಲ ಎರಡು ದಿನ ಹಗುರ ಪುಳ್ಳೆಯ ಉರಿ ಸಾಕು. ಹುಣಸೆ ಕಟ್ಟಿಗೆ ಮೂರನೆಯ ದಿನಕ್ಕೆ. ಹೊಗೆ ಬೆಳ್ಳಗಿರುವ ತನಕ ಕೈ ಕಟ್ಟಿಕೊಂಡು ಕೂತಿರಬೇಕು.

ಬಿಸಿಲು ಏರಿತು. ವ್ಯಾಪಾರಿಯ ತಲೆ ಸುತ್ತಿತು.

“ನನಗೆ ಈ ಮಣ್ಣು ಹೊಗೆ ಎಲ್ಲ ಯಾಕೆ ಮಾರಾಯ? ನಷ್ಟ ಒಂದು ಕೊಡು, ಸಾಕು.”

“ಅದನ್ನೇ ಕೊಡುತ್ತಿದ್ದೇನೆ ಸಾಹುಕಾರರೇ. ನಷ್ಟ ಅಂದರೆ ಇದೇ.”

ಹೇಳಿದವನು ತನ್ನ ಮಾತು ತಾನೇ ಕೇಳಿಸಿಕೊಂಡು ಬೆರಗಾದ. ದೋಣಿಯಲ್ಲೂ ಮಗ್ಗದಲ್ಲೂ ಹೀಗೆ ಎಷ್ಟೆಲ್ಲ ಬಿಟ್ಟು ಬಂದೆನೋ ಎಂದು ಮೊದಲ ಸಲ ಅನ್ನಿಸಿತು. ಮನೆಗೆ ಹೋಗಿ ಗಾಡಿಯಿಂದ ಪಾತ್ರೆಗಳನ್ನು ಇಳಿಸಿದ. ಪಾಲು ಮಾರಲಿಲ್ಲ.

ವ್ಯಾಪಾರಿ ಮುದುಕಿಯ ಮನೆ ಬಾಗಿಲಿಗೆ ಹೋಗಿ ಕೂಗಾಡಿದ. ಮುದುಕಿ ಅವನಿಗೆ ಮಜ್ಜಿಗೆ ಕೊಟ್ಟಳು.

“ಸುಮ್ಮನೆ ಕುಡಿಯಿರಿ. ಆ ಆರನೆಯ ಪಾಲು ನಿಮಗೆ ಸಿಕ್ಕಿದ್ದರೆ ಓಲೆ ಒಣ ಗರಿಯಾಗುತ್ತಿತ್ತು. ಅವನು ಮಾರದೆ ಉಳಿಸಿದ್ದು ನಿಮ್ಮ ದುಡ್ಡನ್ನೂ.”

ಆಗ ವ್ಯಾಪಾರಿಗೆ ಕಾನೂನಿನ ಉಳಿದರ್ಧ ತಿಳಿಯಿತು. ಕೊಂಡ ಐದು ಪಾಲನ್ನು ಹಿಂದಿರುಗಿಸಲು ಓಡಿದ. ಮಾರಿದವರು ಕೈ ಮುಗಿದರು. “ನೀವು ನಷ್ಟ ಬೇಕೆಂದಿರಿ, ಕೊಟ್ಟೆವು. ವಾಪಸು ತೆಗೆದುಕೊಳ್ಳುವ ಪದ್ಧತಿ ಇಲ್ಲ.”

ಮುಂದಿನ ವರ್ಷ ಆರು ಮನೆಯವರು ಸೀಳಿದ ಕಮಾನಿಗೆ ಮಣ್ಣು ಮೆತ್ತಿ, ಪಡುವಣ ಮೂಲೆಯ ಮಣ್ಣು ತಂದು, ನೆರಳಲ್ಲಿ ಒಣಗಿಸಿ, ಮೆಲ್ಲಗೆ ಬೆಂಕಿ ಹಾಕಿದರು. ಹೆಂಚು ಬಡಿದರೆ ಗಂಟೆಯಂತೆ ಕೇಳಿಸಿತು. ಲಾಭ ಬಂತು. ಬಂದ ಲಾಭವನ್ನು ಓಲೆಯಲ್ಲಿದ್ದ ನಷ್ಟ ಪೂರ್ತಿ ತಿಂದಿತು, ರಾಜನಿಗೆ ಏನೂ ಹೋಗಲಿಲ್ಲ. ಆ ದುಡ್ಡಿನಲ್ಲಿ ಹೊಸ ಕಮಾನು ಎದ್ದಿತು. ಎರಡನೆಯ ವರ್ಷದ ಲಾಭ ಉಳಿದ ನಷ್ಟವನ್ನು ಮುಗಿಸಿ ಇನ್ನೂ ಮಿಕ್ಕಿತು. ಹತ್ತನೆಯ ಒಂದು ಪಾಲನ್ನು ಛತ್ರಕ್ಕೆ ಕೊಟ್ಟರು. ಈ ಸಲ ವಿನಾಯಿತಿಯೂ ಸಿಕ್ಕಿತು. ರಾಜನ ಪಾಲು ಕಟ್ಟಿದರು. ಉಳಿದದ್ದನ್ನು ಹನ್ನೊಂದು ಭಾಗ ಮಾಡಿ ಹಂಚಿದರು.

ಐದು ಭಾಗ ವ್ಯಾಪಾರಿಯ ಮನೆಗೆ ಹೋಯಿತು. ಹಿಂದೆಯೇ ಸುಂಕದ ಅಧಿಕಾರಿಯೂ ಹೋದ.

“ಅನ್ಯಾಯ! ದುಡ್ಡು ಕೊಟ್ಟು ನಾನು ಕೊಂಡದ್ದು ನಷ್ಟ!” ಎಂದ ವ್ಯಾಪಾರಿ.

“ಇರಬಹುದು. ಬಂದದ್ದು ಲಾಭ. ಗಂಟು ಬಿಚ್ಚಿ.”

ಅಂದಿನಿಂದ ವರ್ಷಾ ವರ್ಷಾ ಆ ವ್ಯಾಪಾರಿಗೆ ಲಾಭ ತಪ್ಪಲಿಲ್ಲ, ತೆರಿಗೆ ತಪ್ಪಲಿಲ್ಲ, ಅಳುವುದೂ ತಪ್ಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಗು ಇಳಿದ ಮೇಲೆ ಮನಸ್ಸು ಗಟ್ಟಿಯಾದ ಹಾಗೆ ಅನ್ನಿಸಿತು.

“ತಿಳಿಯಿತು ಗುರುಗಳೇ. ಇನ್ನು ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ, ನಿಮ್ಮ ಹತ್ತಿರವೇ ನಿಂತುಬಿಡುತ್ತೇನೆ.”

ಹಾಗೆಂದವನೇ ಮರುಗಳಿಗೆಗೆ ಒಳಗೆ ಹೋಗಿ ನನ್ನ ಎರಡು ಅಂಗಿ, ಒಂದು ಕಂಬಳಿ ಜೋಳಿಗೆಗೆ ತುಂಬತೊಡಗಿದೆ. ಯಾಕೆಂದರೆ ಗುರುಗಳು ತಲೆ ಎತ್ತದೆ ಕೇಳಿದ್ದು ಇಷ್ಟೇ:

“ಇಲ್ಲಿ ನಿನಗೇನು ನಷ್ಟವಾಗಿದೆ, ನಿಲ್ಲಲಿಕ್ಕೆ?”